ಹಲಗೆಗೆ ಗೊತ್ತಿತ್ತು, ವೆಬ್‌ಸೈಟ್ ಮರೆತಿತು

‘ಊಟ ತಯಾರಿದೆ.’

ಧಾರವಾಡದಿಂದ ಹಳಿಯಾಳದ ಕಡೆಗೆ ಬರುವ ರಸ್ತೆಯಲ್ಲಾಗಲಿ, ಹುಬ್ಬಳ್ಳಿಯಿಂದ ಮುಂಡಗೋಡಕ್ಕೆ ಹೋಗುವ ದಾರಿಯಲ್ಲಾಗಲಿ, ಖಾನಾವಳಿಗಳ ಬಾಗಿಲಲ್ಲಿ ತೂಗುತ್ತಿದ್ದ ಹಲಗೆಯ ಮೇಲೆ ಇರುತ್ತಿದ್ದುದು ಈ ಎರಡೇ ಪದ. ಒಲೆ ಆರಿಲ್ಲ, ರೊಟ್ಟಿ ಬಡಿಯುತ್ತಿದ್ದಾರೆ, ಬಂದವರು ಕೂಡಬಹುದು ಎಂಬ ಮೂರು ಸಂಗತಿಗಳನ್ನು ಆ ಎರಡು ಪದ ಹೇಳಿಬಿಡುತ್ತಿದ್ದವು. ಊಟ ಮುಗಿದ ಮೇಲೆ ಹಲಗೆಯನ್ನು ಒಳಗಿಡುತ್ತಿದ್ದರು, ಇಲ್ಲವೇ ತಿರುವಿ ಹಾಕುತ್ತಿದ್ದರು. ಬಸ್ಸಿನ ಕಿಟಕಿಯಿಂದ ನೋಡಿದವನಿಗೂ ಇಳಿಯಬೇಕೋ ಬೇಡವೋ ಎಂಬುದು ತಿಳಿಯುತ್ತಿತ್ತು.

ಈಗ ಹಲಗೆಯ ಜೊತೆಗೆ ವೆಬ್‌ಸೈಟ್ ಬಂದಿದೆ. ದಾಂಡೇಲಿ, ಜೋಯಿಡಾದ ಕಡೆ ಪ್ರವಾಸ ಹೊರಡುವವರು ಮೊದಲು ನೋಡುವುದು ಮೊಬೈಲನ್ನೇ. ತೆರೆದ ಪುಟದಲ್ಲಿ ಏನಿರುತ್ತದೆ? ಮಂಜು ಕವಿದ ಕಾಳಿ ನದಿ, ಕೊಂಬೆಯ ಮೇಲೆ ಕೂತ ಮಂಗಟ್ಟೆ ಹಕ್ಕಿ, ಕ್ಯಾಂಪ್‌ಫೈರ್ ಸುತ್ತ ಕುಣಿಯುವ ಯುವಕರು, ಪ್ರಕೃತಿಯ ಮಡಿಲಿಗೆ ಸ್ವಾಗತಿಸುವ ನಾಲ್ಕು ಸಾಲು. ಆದರೆ ಮಧ್ಯಾಹ್ನದ ಊಟ ಎಷ್ಟು ಗಂಟೆಯವರೆಗೆ ಸಿಗುತ್ತದೆ? ತಂಗದೆ ಬರೀ ಊಟಕ್ಕೆ ಬರಬಹುದೇ? ಎಷ್ಟು ಕೊಡಬೇಕು? ಮೊದಲೇ ಹೇಳಬೇಕೇ? ಹೇಳುವುದಾದರೆ ಯಾವ ನಂಬರಿಗೆ? ಇದಕ್ಕೆ ಉತ್ತರ ಹುಡುಕಲು ಪುಟವನ್ನು ತಳದವರೆಗೆ ಸರಿಸಬೇಕು. ಸರಿಸಿದರೂ ಸಿಗುತ್ತದೆಂಬ ಭರವಸೆಯಿಲ್ಲ.

ಇದು ಒಂದೆರಡು ಊರಿನ ಮಾತಲ್ಲ, ಜಗತ್ತಿನಾದ್ಯಂತ ಹೋಟೆಲ್ ವೆಬ್‌ಸೈಟುಗಳ ಮೇಲಿರುವ ದೂರು. ಆದರೆ ಬೆಂಗಳೂರಿನಲ್ಲಿ ಒಂದು ಹೋಟೆಲ್ ಮುಚ್ಚಿದ್ದರೆ ಪಕ್ಕದಲ್ಲಿ ಇನ್ನೊಂದಿರುತ್ತದೆ. ಉತ್ತರ ಕನ್ನಡದ ಈ ಘಟ್ಟದ ಮೇಲಿನ ತಾಲ್ಲೂಕುಗಳಲ್ಲಿ ಹಾಗಲ್ಲ. ಇಲ್ಲಿ ಮಾಹಿತಿ ತಪ್ಪಿದರೆ ಊಟವೇ ತಪ್ಪಬಹುದು.

ಕಾಡಿನ ದಾರಿಯ ಲೆಕ್ಕ

ವಿಸ್ತಾರದಲ್ಲಿ ಜೋಯಿಡಾ ಜಿಲ್ಲೆಯ ದೊಡ್ಡ ತಾಲ್ಲೂಕು, ಜನವಸತಿಯಲ್ಲಿ ವಿರಳ. ಮೊದಲು ಇದು ಸೂಪಾ ತಾಲ್ಲೂಕು. ಕಾಳಿ ನದಿಗೆ ಕಟ್ಟಿದ ಅಣೆಕಟ್ಟಿನ ಹಿನ್ನೀರಿನಲ್ಲಿ ಹಳೆಯ ಸೂಪಾ ಮುಳುಗಿದ ಮೇಲೆ ಆಡಳಿತ ಕೇಂದ್ರ ಜೋಯಿಡಾಕ್ಕೆ ಬಂತು. ದಾಂಡೇಲಿ ಅಭಯಾರಣ್ಯ, ಅಣಶಿ ರಾಷ್ಟ್ರೀಯ ಉದ್ಯಾನ ಎರಡನ್ನೂ ಸೇರಿಸಿ 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಯಿತು. 2015ರಲ್ಲಿ ಅದಕ್ಕೆ ಕಾಳಿ ಹುಲಿ ಸಂರಕ್ಷಿತ ಪ್ರದೇಶ ಎಂಬ ಹೆಸರಾಯಿತು. ಇಂಥ ಕಾಡಿನ ನಡುವೆ ಊರಿಂದೂರಿಗೆ ದೂರ ಹೆಚ್ಚು, ಹೋಟೆಲ್ ಕಡಿಮೆ, ಮೊಬೈಲ್ ಸಿಗ್ನಲ್ ಒಂದು ತಿರುವಿನಲ್ಲಿದ್ದರೆ ಮುಂದಿನ ತಿರುವಿನಲ್ಲಿ ಇಲ್ಲ.

ಇಲ್ಲಿನ ಅಡುಗೆಯ ಕ್ರಮವೂ ಪೇಟೆಯದಲ್ಲ. ಸಣ್ಣ ಹೋಮ್‌ಸ್ಟೇಗಳಲ್ಲಿ ಅಡುಗೆ ಮನೆಯವರದೇ. ಬರುವವರ ಸಂಖ್ಯೆ ತಿಳಿದ ಮೇಲೆ ಅಕ್ಕಿ ಅಳೆಯುತ್ತಾರೆ. ತರಕಾರಿಗೋ ಕೋಳಿಗೋ ಪೇಟೆಗೆ ಹೋಗಿ ಬರಬೇಕು. ‘ಎಷ್ಟ ಮಂದಿ ಬರ್ತೀರ್ರಿ? ರೊಟ್ಟಿ ಮಾಡ್ಲ್ಯೋ, ಚಪಾತಿ ಮಾಡ್ಲ್ಯೋ?’ ಎಂಬ ಪ್ರಶ್ನೆಗೆ ಬೆಳಿಗ್ಗೆಯೇ ಉತ್ತರ ಸಿಕ್ಕರೆ ಮಧ್ಯಾಹ್ನ ಬಿಸಿ ಊಟ. ಸಿಗದಿದ್ದರೆ ಎರಡರಲ್ಲೊಂದು: ಹೇಳದೆ ಬಂದವರು ಹಸಿದು ಹಿಂತಿರುಗಬೇಕು, ಅಥವಾ ಬರಬಹುದೆಂದು ಮಾಡಿಟ್ಟ ಅಡುಗೆ ಹಾಳಾಗಬೇಕು.

ಹುಬ್ಬಳ್ಳಿಯಿಂದ ಒಂದು ಕುಟುಂಬ ಬೆಳಿಗ್ಗೆ ಹೊರಟಿತೆಂದು ಇಟ್ಟುಕೊಳ್ಳಿ. ಜೊತೆಯಲ್ಲಿ ಸಕ್ಕರೆ ಕಾಯಿಲೆಯ ಅಜ್ಜಿ, ಎರಡು ಮಕ್ಕಳು. ಹಳಿಯಾಳ ದಾಟುವಾಗ ಮೊಬೈಲಿನಲ್ಲಿ ಪುಟ ತೆರೆದರು. ಚಿತ್ರಗಳು ಒಂದೊಂದಾಗಿ ಇಳಿಯುತ್ತ ಕೂತವು. ದಾಂಡೇಲಿ ದಾಟಿದರು, ಸಿಗ್ನಲ್ ಹೋಯಿತು. ಫೋನ್ ನಂಬರು ಇದ್ದದ್ದು ಪುಟದ ತಳದಲ್ಲಿ. ಅಲ್ಲಿಯವರೆಗೆ ಪುಟ ಇಳಿಯಲೇ ಇಲ್ಲ. ಎರಡೂವರೆಗೆ ತಲುಪಿದಾಗ ಒಲೆ ಆರಿಸಿಯಾಗಿತ್ತು. ಅಜ್ಜಿ ಬಿಸ್ಕತ್ತು ತಿಂದು ಮಾತ್ರೆ ನುಂಗಿದರು. ಇಲ್ಲಿ ತಪ್ಪು ಅಡುಗೆಯವರದಲ್ಲ, ಬಂದವರದೂ ಅಲ್ಲ. ನಡುವೆ ನಿಂತು ಎರಡು ಮಾತು ಹೇಳಬೇಕಾಗಿದ್ದ ಹಲಗೆ ತನ್ನ ಕೆಲಸ ಮಾಡಲಿಲ್ಲ, ಅಷ್ಟೆ.

ಬಾಯಿಮಾತಿನ ಪಟ್ಟಿ

ಹಸಿದವನಿಗೆ ಏನು ಹೇಳಬೇಕು, ಯಾವುದನ್ನು ಮೊದಲು ಹೇಳಬೇಕು ಎಂಬ ಪ್ರಶ್ನೆ ಹೊಸದೇನಲ್ಲ. ಹೋಟೆಲ್ ಉದ್ಯಮದಷ್ಟೇ ಹಳೆಯದು.

ಚೀನಾದ ಸೋಂಗ್ ಅರಸರ ರಾಜಧಾನಿ ಕೈಫೆಂಗ್ ನಗರದ ವೈಭವವನ್ನು ಮೆಂಗ್ ಯುವಾನ್‌ಲಾವೊ ಎಂಬಾತ 12ನೆಯ ಶತಮಾನದಲ್ಲಿ ಬರೆದಿಟ್ಟಿದ್ದಾನೆ. ಅಲ್ಲಿನ ಭೋಜನಶಾಲೆಗಳಲ್ಲಿ ಬಂದವರು ಒಬ್ಬೊಬ್ಬರು ಒಂದೊಂದು ಬಗೆ ಕೇಳುತ್ತಿದ್ದರು. ಒಬ್ಬರಿಗೆ ಬಿಸಿ, ಇನ್ನೊಬ್ಬರಿಗೆ ತಣ್ಣನೆಯದು. ಬಡಿಸುವವನು ಅದನ್ನೆಲ್ಲ ನೆನಪಿನಲ್ಲಿಟ್ಟುಕೊಂಡು ಅಡುಗೆಮನೆಗೆ ಕೂಗಿ ಹೇಳುತ್ತಿದ್ದ. ತಪ್ಪಿದರೆ ಮಾಲೀಕನಿಂದ ಬೈಗುಳ, ಸಂಬಳಕ್ಕೂ ಕತ್ತರಿ. ಉಡುಪಿ ಹೋಟೆಲುಗಳ ಮಾಣಿಯನ್ನು ಕಂಡವರಿಗೆ ಈ ಚಿತ್ರ ಅಪರಿಚಿತವೇನಲ್ಲ. ‘ಏನಿದೆ?’ ಎಂದರೆ ಸಾಕು, ಇಡ್ಲಿ, ವಡೆ, ಉಪ್ಪಿಟ್ಟು, ಮಸಾಲೆದೋಸೆಯಿಂದ ಬನ್ಸ್‌ವರೆಗೆ ಒಂದೇ ಉಸಿರಿನಲ್ಲಿ ಒಪ್ಪಿಸಿಬಿಡುತ್ತಿದ್ದ. ಮುಗಿದುಹೋದ ತಿಂಡಿಯ ಹೆಸರು ಆ ಪಟ್ಟಿಯಲ್ಲಿ ಇರುತ್ತಿರಲಿಲ್ಲ. ಅಡುಗೆಮನೆಯಲ್ಲಿ ಆ ಗಳಿಗೆಗೆ ಏನಿದೆಯೋ ಅದೇ ಪಟ್ಟಿ.

ಯುರೋಪಿನ ಹಳೆಯ ಛತ್ರಗಳಲ್ಲಿ ಗೊತ್ತಾದ ಹೊತ್ತಿಗೆ, ಗೊತ್ತಾದ ಊಟ, ಎಲ್ಲರಿಗೂ ಒಂದೇ ಬೆಲೆ. ನಮ್ಮ ಖಾನಾವಳಿಯ ಪದ್ಧತಿಯೂ ಹೆಚ್ಚುಕಡಿಮೆ ಅದೇ. 18ನೆಯ ಶತಮಾನದ ಕೊನೆಯ ಭಾಗದಲ್ಲಿ ಪ್ಯಾರಿಸ್ ನಗರದಲ್ಲಿ ರೆಸ್ಟೋರೆಂಟುಗಳು ಬೆಳೆದಾಗ ಒಂದು ದೊಡ್ಡ ಬದಲಾವಣೆಯಾಯಿತು. ಪ್ರತಿ ಪದಾರ್ಥದ ಮುಂದೆ ಅದರ ಬೆಲೆ ಬರೆದ ಕಾಗದ ಗಿರಾಕಿಯ ಕೈಗೆ ಬಂತು. ಜೇಬಿನಲ್ಲಿ ಎಷ್ಟಿದೆ ಎಂದು ನೋಡಿಕೊಂಡು, ಯಾರನ್ನೂ ಕೇಳುವ ಸಂಕೋಚವಿಲ್ಲದೆ ಊಟ ಆರಿಸುವ ಸ್ವಾತಂತ್ರ್ಯ ಅದು.

ಕರ್ನಾಟಕದಲ್ಲಿ ಹೋಟೆಲಿನ ಹೆಸರೇ ಅರ್ಧ ಮಾಹಿತಿ ಕೊಡುವುದುಂಟು. ಹುಬ್ಬಳ್ಳಿ, ಗದಗದ ಕಡೆ ‘ಸಾವಜಿ’ ಎಂದರೆ ಖಾರದ ಮಾಂಸದೂಟ. ದಕ್ಷಿಣದಲ್ಲಿ ‘ಮಿಲಿಟರಿ ಹೋಟೆಲ್’ ಎಂದರೂ ಮಾಂಸಾಹಾರವೇ. ‘ಲಿಂಗಾಯತ ಖಾನಾವಳಿ’ ಎಂದರೆ ಜೋಳದ ರೊಟ್ಟಿಯ ಸಸ್ಯಾಹಾರ. ಜಾತಿಯ ಹೆಸರು ಹಲಗೆಯ ಮೇಲಿದ್ದುದು ಹಳೆಯ ಸಮಾಜದ ಕಟ್ಟುಪಾಡಿನ ಗುರುತೂ ಹೌದು, ಅದನ್ನು ಹೊಗಳಬೇಕಾಗಿಲ್ಲ. ಆದರೆ ಒಳಗೆ ಏನು ಸಿಗುತ್ತದೆ ಎಂಬುದನ್ನು ಹೊರಗೇ ಹೇಳುವ ಕ್ರಮ ಅಲ್ಲಿತ್ತು. 1980ರ ದಶಕದಲ್ಲಿ ಬೆಂಗಳೂರಿನಲ್ಲಿ ‘ದರ್ಶಿನಿ’ಗಳು ಬಂದಾಗ ಈ ಕ್ರಮ ಇನ್ನಷ್ಟು ಸ್ಪಷ್ಟವಾಯಿತು. ಗಲ್ಲಾಪೆಟ್ಟಿಗೆಯ ಮೇಲೆ ದೊಡ್ಡ ಬೋರ್ಡು, ತಿಂಡಿಯ ಎದುರು ಬೆಲೆ. ಓದು, ದುಡ್ಡು ಕೊಡು, ಚೀಟಿ ತಗೋ, ನಿಂತು ತಿನ್ನು. ದರ್ಶಿನಿಯ ವೇಗದಲ್ಲಿ ಆ ಬೋರ್ಡಿನ ಪಾಲು ದೊಡ್ಡದು.

ಮೊದಲ ಪುಟದ ಸರಳತೆ

ಕಂಪ್ಯೂಟರ್ ಜಾಲದ ಮೂಲಕ ಊಟ ತರಿಸುವ ಪದ್ಧತಿಯೂ ಸರಳವಾಗಿಯೇ ಆರಂಭವಾಯಿತು. 1994ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಸಾಂಟಾ ಕ್ರೂಜ್ ಊರಿನಲ್ಲಿ ಪಿಜ್ಜಾ ಹಟ್ ಕಂಪೆನಿ ‘ಪಿಜ್ಜಾನೆಟ್’ ಎಂಬ ಪುಟವನ್ನು ಪ್ರಯೋಗಕ್ಕೆ ಇಟ್ಟಿತು. ಅದರಲ್ಲಿ ಇದ್ದುದು ಹೆಸರು, ವಿಳಾಸ, ಫೋನ್ ನಂಬರು ತುಂಬುವ ಖಾಲಿ ಜಾಗ, ಮುಂದೆ ಬೇಕಾದ ಪಿಜ್ಜಾ ಆರಿಸುವ ವ್ಯವಸ್ಥೆ. ಆರ್ಡರ್ ತಲುಪಿದ ಮೇಲೆ ಅಂಗಡಿಯವರು ಫೋನ್ ಮಾಡಿ ಖಚಿತಪಡಿಸಿಕೊಳ್ಳುತ್ತಿದ್ದರು. ಇಂದು ನೋಡಿದರೆ ಆ ಪುಟ ಬಡಕಲಾಗಿ ಕಾಣುತ್ತದೆ. ಆದರೆ ಬೇಕಾದ ಪ್ರಶ್ನೆ ಬಿಟ್ಟು ಬೇರೆ ಮಾತೇ ಅದರಲ್ಲಿರಲಿಲ್ಲ.

ಅಲಂಕಾರ ಬಂದದ್ದು ಆಮೇಲೆ. 2000ದ ಆಸುಪಾಸಿನಲ್ಲಿ ‘ಫ್ಲ್ಯಾಶ್’ ಎಂಬ ತಂತ್ರಾಂಶ ಹೋಟೆಲಿನವರಿಗೆ ಬಹಳ ಮೆಚ್ಚುಗೆಯಾಯಿತು. ಪುಟ ತೆರೆದೊಡನೆ ಸಂಗೀತ, ತೇಲಿಬರುವ ಅಕ್ಷರಗಳು, ತಾನೇ ತೆರೆದುಕೊಳ್ಳುವ ಬಾಗಿಲು. 2007ರಲ್ಲಿ ಐಫೋನ್ ಬಂತು. ಅದರಲ್ಲಿ ಫ್ಲ್ಯಾಶ್ ನಡೆಯುತ್ತಿರಲಿಲ್ಲ. ಜನ ಹೋಟೆಲನ್ನು ಹುಡುಕುವುದು ಹೆಚ್ಚಾಗಿ ರಸ್ತೆಯಲ್ಲಿ, ಕೈಯಲ್ಲಿನ ಫೋನಿನಲ್ಲಿ. ಹೀಗಾಗಿ ಅಂದವಾದ ಪುಟಗಳು ಬೇಕಾದ ಗಳಿಗೆಯಲ್ಲೇ ಖಾಲಿಯಾಗಿ ಕಂಡವು. 2020ರ ಕೊನೆಗೆ ಅಡೋಬಿ ಕಂಪೆನಿ ಫ್ಲ್ಯಾಶ್‌ಗೆ ನೀಡುತ್ತಿದ್ದ ಬೆಂಬಲವನ್ನೇ ನಿಲ್ಲಿಸಿತು. ಅಷ್ಟೆಲ್ಲ ಖರ್ಚು ಮಾಡಿ ಕಟ್ಟಿಸಿದ ಬಾಗಿಲುಗಳು ಶಾಶ್ವತವಾಗಿ ಮುಚ್ಚಿಹೋದವು.

ಇದರ ಎದುರಿಗೆ ನಮ್ಮ ದೇಶದ್ದೇ ಒಂದು ಉದಾಹರಣೆಯಿದೆ. ದೆಹಲಿಯ ಒಂದು ಕಚೇರಿಯಲ್ಲಿ ಊಟದ ಹೊತ್ತಿಗೆ ಮೆನು ಕಾರ್ಡ್ ನೋಡಲು ಸಹೋದ್ಯೋಗಿಗಳು ಸಾಲು ನಿಲ್ಲುವುದನ್ನು ದೀಪಿಂದರ್ ಗೋಯಲ್, ಪಂಕಜ್ ಚಡ್ಡಾ ಎಂಬ ಇಬ್ಬರು ಗಮನಿಸಿದರು. ಆ ಕಾರ್ಡುಗಳನ್ನು ಸ್ಕ್ಯಾನ್ ಮಾಡಿ ಕಚೇರಿಯ ಜಾಲದಲ್ಲಿ ಹಾಕಿದರು. 2008ರಲ್ಲಿ ‘ಫುಡೀಬೇ’ ಎಂದು ಶುರುವಾಗಿ 2010ರಲ್ಲಿ ‘ಜೊಮ್ಯಾಟೊ’ ಎಂದು ಹೆಸರು ಬದಲಿಸಿಕೊಂಡ ಉದ್ಯಮದ ಮೂಲ ಇದು. ಅವರು ಆಗ ಅಡುಗೆ ಮಾಡಲಿಲ್ಲ, ಊಟ ಹೊತ್ತು ತಲುಪಿಸಲೂ ಇಲ್ಲ. ಏನಿದೆ, ಎಷ್ಟು, ಯಾವ ನಂಬರು ಎಂಬುದನ್ನು ಕೈಗೆ ಸಿಗುವಂತೆ ಇಟ್ಟರು. ಹೋಟೆಲಿನವರು ತಾವೇ ಹೇಳಬಹುದಾಗಿದ್ದನ್ನು ಹೇಳದೆ ಬಿಟ್ಟ ಜಾಗದಲ್ಲಿ ಮಧ್ಯವರ್ತಿ ಬಂದು ಕೂತ. ಕಮಿಷನ್ ಕೊಡುವ ಕಾಲವೂ ಬಂತು. ಜೋಯಿಡಾದ ಹೋಮ್‌ಸ್ಟೇ ನಡೆಸುವವರು ಈ ಕಥೆಯನ್ನು ನೆನಪಿಡುವುದು ಒಳ್ಳೆಯದು. ಸ್ವಂತ ಪುಟದಲ್ಲಿ ಸ್ವಂತ ನಂಬರು ಎದ್ದು ಕಾಣದಿದ್ದರೆ ಗಿರಾಕಿ ಇನ್ಯಾರದೋ ಮೂಲಕ ಬರುತ್ತಾನೆ, ಊಟದ ದುಡ್ಡಿನಲ್ಲಿ ಒಂದು ಪಾಲು ಆ ದಾರಿಯಲ್ಲೇ ಹೋಗುತ್ತದೆ.

ಚಿತ್ರದೊಳಗೆ ಸಿಕ್ಕಿಬಿದ್ದ ಅಕ್ಷರ

ಸರಳ ಪುಟ ಏಕೆ ಬೇಗ ತೆರೆದುಕೊಳ್ಳುತ್ತದೆ ಎಂಬುದಕ್ಕೆ ಚಿಕ್ಕ ಲೆಕ್ಕ ಸಾಕು. ಕಂಪ್ಯೂಟರಿನಲ್ಲಿ ಯೂನಿಕೋಡ್ ಕನ್ನಡದ ಒಂದೊಂದು ಚಿಹ್ನೆಗೆ ಸಾಮಾನ್ಯವಾಗಿ 3 ಬೈಟ್ ಜಾಗ ಬೇಕು. ಊಟದ ಪಟ್ಟಿ, ಬೆಲೆ, ವೇಳೆ, ವಿಳಾಸ, ಫೋನ್ ನಂಬರು ಎಲ್ಲ ಸೇರಿ 1,000 ಚಿಹ್ನೆಗಳಾದರೂ ಒಟ್ಟು ಸುಮಾರು 3 ಕಿಲೋಬೈಟ್. ಈಗಿನ ಮೊಬೈಲಿನಲ್ಲಿ ತೆಗೆದ ಒಂದೇ ಒಂದು ಫೋಟೊ 3ರಿಂದ 4 ಮೆಗಾಬೈಟ್, ಅಂದರೆ ಅದರ ಸಾವಿರ ಪಟ್ಟಿಗೂ ಹೆಚ್ಚು. ಕಾಡಿನ ಅಂಚಿನಲ್ಲಿ ಸೆಕೆಂಡಿಗೆ 100 ಕಿಲೋಬಿಟ್ ವೇಗ ಸಿಕ್ಕಿತೆಂದು ಭಾವಿಸಿದರೆ ಅಕ್ಷರಗಳು ಕಣ್ಣು ಮಿಟುಕಿಸುವಷ್ಟರಲ್ಲಿ ಬರುತ್ತವೆ. 4 ಮೆಗಾಬೈಟಿನ ಫೋಟೊ ಇಳಿಯಲು ಐದು ನಿಮಿಷಕ್ಕೂ ಮಿಕ್ಕಿ ಬೇಕು. ಅಷ್ಟರಲ್ಲಿ ಜೀಪು ಸಿಗ್ನಲ್ ಇಲ್ಲದ ಕಣಿವೆಗೆ ಇಳಿದಿರುತ್ತದೆ.

ಬೆಲೆಪಟ್ಟಿಯನ್ನೇ ಫೋಟೊ ಮಾಡಿ ಹಾಕುವ ಅಭ್ಯಾಸವೂ ವ್ಯಾಪಕವಾಗಿದೆ. ಇದಕ್ಕೆ ಕನ್ನಡದ್ದೇ ಒಂದು ಕಾರಣವುಂಟು. ಊರಿನ ಡಿಟಿಪಿ ಅಂಗಡಿಗಳಲ್ಲಿ ಪಟ್ಟಿಯನ್ನು ಬಹುಕಾಲ ಸಿದ್ಧಪಡಿಸಿದ್ದು ಹಳೆಯ ಫಾಂಟುಗಳಲ್ಲಿ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ‘ರೊಟ್ಟಿ’ ಎಂಬುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತದೆ. ಅದಕ್ಕೆ ಸುಲಭದ ಉಪಾಯವೆಂದು ಚಿತ್ರ ಮಾಡಿ ಅಂಟಿಸಿದರು. ಯೂನಿಕೋಡ್ ಬಳಕೆ ಬೆಳೆದ ಮೇಲೆ ಈ ತೊಂದರೆ ಇಲ್ಲ, ಆದರೆ ಅಭ್ಯಾಸ ಉಳಿಯಿತು. ಚಿತ್ರದೊಳಗಿನ ಅಕ್ಷರವನ್ನು ಹುಡುಕುವುದು ಕಷ್ಟ. ಅಂಧರ ಫೋನಿನಲ್ಲಿ ಪುಟವನ್ನು ಓದಿ ಹೇಳುವ ತಂತ್ರಾಂಶಕ್ಕೆ ಅದು ಬಹುಪಾಲು ಬರೀ ‘ಚಿತ್ರ’. ಚಾಳೀಸು ಮರೆತುಬಂದ ಹಿರಿಯರು ಹಿಗ್ಗಿಸಿ ನೋಡಿದರೆ ಮಸುಕು. ಚಿತ್ರದಲ್ಲಿನ ಫೋನ್ ನಂಬರನ್ನು ಒತ್ತಿದರೆ ಕರೆಯೂ ಹೋಗುವುದಿಲ್ಲ. ಕಾಗದದ ಮೇಲೆ ಬರೆದುಕೊಂಡು ಒಂದೊಂದೇ ಅಂಕಿ ಒತ್ತಬೇಕು.

ಬೆಲೆ ಹೇಳಲು ಸಂಕೋಚ

ಹೋಟೆಲ್ ನಡೆಸುವವರ ಕಡೆಯಿಂದಲೂ ಒಂದು ಮಾತಿದೆ. ಟೊಮೆಟೊ, ಈರುಳ್ಳಿ ಬೆಲೆ ವಾರಕ್ಕೊಮ್ಮೆ ಏರುಪೇರು. ಇಂದು ಒಂದು ಬೆಲೆ ಬರೆದು ನಾಳೆ ಇನ್ನೊಂದು ಕೇಳಿದರೆ ಜಗಳ. ಅದಕ್ಕೇ ‘ದರಕ್ಕಾಗಿ ಸಂಪರ್ಕಿಸಿ’ ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ಮಳೆಗಾಲದಲ್ಲಿ ಕಾಳಿಯಲ್ಲಿ ರಾಫ್ಟಿಂಗ್ ನಿಲ್ಲುತ್ತದೆ, ಬರುವವರು ಕಡಿಮೆ, ಆಗಿನ ಲೆಕ್ಕವೇ ಬೇರೆ.

ಈ ಕಷ್ಟ ನಿಜ. ಆದರೆ ಹಲಗೆಯ ಕಾಲದಲ್ಲೂ ಬೆಲೆ ಏರುತ್ತಿತ್ತು. ಸೀಮೆಸುಣ್ಣದಲ್ಲಿ ಬರೆದದ್ದನ್ನು ಒದ್ದೆ ಬಟ್ಟೆಯಿಂದ ಒರೆಸಿ ಮತ್ತೆ ಬರೆಯುತ್ತಿದ್ದರು. ವೆಬ್‌ಸೈಟಿನ ತೊಡಕು ಇರುವುದು ಇಲ್ಲೇ. ಅದನ್ನು ಮಾಡಿಕೊಟ್ಟವರು ಹುಬ್ಬಳ್ಳಿಯಲ್ಲೋ ಗೋವೆಯಲ್ಲೋ ಇರುತ್ತಾರೆ. ಒಂದು ಅಂಕಿ ತಿದ್ದಲೂ ಅವರಿಗೆ ಫೋನ್ ಮಾಡಿ ಕಾಯಬೇಕು, ಕೆಲವೊಮ್ಮೆ ದುಡ್ಡೂ ಕೊಡಬೇಕು. ಪುಟ ಅಲಂಕೃತವಾದಷ್ಟೂ ಮಾಲೀಕನ ಕೈಯಿಂದ ದೂರ. ಹೀಗಾಗಿ ವರ್ಷಗಳ ಹಿಂದಿನ ಬೆಲೆ, ಬದಲಾದ ಫೋನ್ ನಂಬರು ಹಾಗೆಯೇ ಉಳಿಯುತ್ತವೆ. ಮನೆಯ ಮಗಳೋ ಮಗನೋ ಮೊಬೈಲಿನಿಂದಲೇ ತಿದ್ದಬಲ್ಲ ಒಂದೇ ಒಂದು ಸರಳ ಪುಟ, ಅದರಲ್ಲಿ ‘ಈ ದರ ಇಂಥ ದಿನದಿಂದ’ ಎಂಬ ಸಾಲು ಇದ್ದರೆ ಸೀಮೆಸುಣ್ಣದ ಗುಣವೇ ಮರಳಿ ಬಂದಂತೆ.

ಬೆಲೆಯ ವಿಷಯದಲ್ಲಿ ಕಾನೂನಿನ ಒಲವೂ ಇದೇ ದಿಕ್ಕಿಗಿದೆ. ಬಿಲ್ಲಿಗೆ ಸೇವಾ ಶುಲ್ಕವನ್ನು ತಾನಾಗಿ ಸೇರಿಸಕೂಡದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಮಾರ್ಗಸೂಚಿ ಹೊರಡಿಸಿತು. ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿಯಿತು. ಅದೇ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ ಆನ್‌ಲೈನ್ ವ್ಯಾಪಾರದ 13 ಬಗೆಯ ವಂಚಕ ವಿನ್ಯಾಸಗಳನ್ನು ಪಟ್ಟಿ ಮಾಡಿತು. ಮೊದಲು ಕಡಿಮೆ ಬೆಲೆ ತೋರಿಸಿ, ಕೊನೆಯ ಹಂತದವರೆಗೆ ಹನಿಹನಿಯಾಗಿ ಅದನ್ನು ಏರಿಸುವುದು ಅವುಗಳಲ್ಲಿ ಒಂದು. ‘ಒಟ್ಟು ಎಷ್ಟು?’ ಎಂಬ ಪ್ರಶ್ನೆಗೆ ಮೊದಲೇ ಉತ್ತರ ಕೊಡುವುದು ವ್ಯಾಪಾರಕ್ಕೂ ಗೌರವ.

ನಾಲ್ಕು ನುಡಿಯ ತಟ್ಟೆ

ಮಾಹಿತಿ ಸರಳವಾಗಿರಬೇಕು ಎನ್ನುವುದಕ್ಕೆ ಇಲ್ಲಿ ಇನ್ನೊಂದು ಕಾರಣ ಭಾಷೆ. ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆ ಸ್ಥಾಪನೆಯಾದದ್ದು 1955ರಲ್ಲಿ. ಕೆಲಸಕ್ಕೆಂದು ಬಂದವರಿಂದ ಊರು ಹಲವು ನುಡಿಗಳ ಪಟ್ಟಣವಾಯಿತು. ಹಳಿಯಾಳದಲ್ಲಿ ಕನ್ನಡದ ಜೊತೆ ಮರಾಠಿ, ಜೋಯಿಡಾದ ಕುಣಬಿಗಳ ಮನೆಯಲ್ಲಿ ಕೊಂಕಣಿ. ಮುಂಡಗೋಡದ ಟಿಬೆಟನ್ ವಸಾಹತು 1966ರಲ್ಲಿ ಆರಂಭವಾಯಿತು. ಡ್ರೆಪುಂಗ್, ಗಾಂದೆನ್ ಮಹಾವಿಹಾರಗಳು ಅಲ್ಲಿ ನೆಲೆಯೂರಿವೆ.

ಮುಂಡಗೋಡದ ಕ್ಯಾಂಪಿಗೆ ಹೋದವರು ಅಲ್ಲಿನ ಸಣ್ಣ ಹೋಟೆಲುಗಳಲ್ಲಿ ಮೊಮೊ, ತುಕ್ಪಾ, ಟಿಂಗ್‌ಮೊ ಎಂಬ ಹೆಸರುಗಳನ್ನು ಕಾಣಬಹುದು. ಮೊಮೊ ಈಗ ಪೇಟೆಯ ಹುಡುಗರಿಗೆಲ್ಲ ಗೊತ್ತು. ಹಾವೇರಿ ಕಡೆಯಿಂದ ಬಂದ ರೈತ ಕುಟುಂಬಕ್ಕೆ ತುಕ್ಪಾ ಎಂದರೇನು ತಿಳಿಯಬೇಕು? ‘ತರಕಾರಿ ಅಥವಾ ಮಾಂಸ ಹಾಕಿದ ಬಿಸಿ ಸಾರಿನ ಶ್ಯಾವಿಗೆ’, ‘ಹಬೆಯಲ್ಲಿ ಬೇಯಿಸಿದ ಮೈದಾ ಬನ್ನು’ ಎಂದು ಒಂದು ಸಾಲು ಕನ್ನಡದಲ್ಲಿದ್ದರೆ ಸಂಕೋಚ ಹೋಗುತ್ತದೆ. ಸಸ್ಯಾಹಾರವೋ ಮಾಂಸಾಹಾರವೋ, ಮಾಂಸವಾದರೆ ಯಾವುದು ಎಂಬುದು ಇಲ್ಲಿ ಬರೀ ರುಚಿಯ ಪ್ರಶ್ನೆಯಲ್ಲ, ನಂಬಿಕೆಯದೂ ಹೌದು. ಬೇರೆ ದೇಶದ ಪ್ರಜೆಗಳು ವಸಾಹತಿನಲ್ಲಿ ತಂಗಲು ಮೊದಲೇ ಸರ್ಕಾರದ ಪರವಾನಗಿ ಪಡೆಯಬೇಕು ಎಂಬುದನ್ನು ಅತಿಥಿಗೃಹದ ಪುಟ ಮೇಲಿನ ಸಾಲಿನಲ್ಲೇ ಹೇಳಬೇಕು. ಟಿಬೆಟನ್ ಹೊಸ ವರ್ಷ ಲೋಸಾರ್ ಬಂದಾಗ ಅಂಗಡಿ ಮುಚ್ಚುವುದು ಸಹಜ. ಆ ದಿನಗಳನ್ನು ತಿಳಿಸಿದರೆ ಐವತ್ತು ಕಿಲೋಮೀಟರ್ ದೂರದಿಂದ ಬಂದವರು ಬೀಗ ನೋಡಿ ಮರಳುವುದು ತಪ್ಪುತ್ತದೆ.

ಜೋಯಿಡಾದ ಗೆಡ್ಡೆಗೆಣಸುಗಳ ವಿಷಯವೂ ಹೀಗೆಯೇ. ಕುಣಬಿ ರೈತರು ಬೆಳೆಯುವ ಬಗೆಬಗೆಯ ಗೆಡ್ಡೆಗಳಿಗಾಗಿಯೇ ಅಲ್ಲಿ ಮೇಳ ನಡೆಯುತ್ತದೆ. ಹೊರಗಿನವರು ಅದನ್ನು ತಿನ್ನಲು ಬರುತ್ತಾರೆ, ಆದರೆ ರೆಸಾರ್ಟುಗಳ ಪಟ್ಟಿಯಲ್ಲಿ ಹೆಚ್ಚಾಗಿ ಕಾಣುವುದು ಎಲ್ಲೆಡೆ ಸಿಗುವ ಪನೀರು, ನೂಡಲ್ಸು. ‘ಗೆಡ್ಡೆಯ ಪಲ್ಯ, ಹಿಂದಿನ ದಿನ ಹೇಳಿದರೆ ಮಾಡಿಕೊಡುತ್ತೇವೆ’ ಎಂಬ ಒಂದು ಸಾಲು ನೂರು ವಿಶೇಷಣಗಳಿಗಿಂತ ಹೆಚ್ಚು ಗಿರಾಕಿಗಳನ್ನು ತರಬಲ್ಲುದು.

ಹಾಗಾದರೆ ಪುಟದಲ್ಲಿ ಏನಿರಬೇಕು? ಹಸಿದವರ ಪ್ರಶ್ನೆಗಳು ಯಾವ ಕ್ರಮದಲ್ಲಿ ಹುಟ್ಟುತ್ತವೆಯೋ ಅದೇ ಕ್ರಮದಲ್ಲಿ ಉತ್ತರ. ಇಂದು ತೆರೆದಿದೆಯೇ, ಊಟ ಎಷ್ಟರಿಂದ ಎಷ್ಟರವರೆಗೆ. ಏನು ಸಿಗುತ್ತದೆ, ಸಸ್ಯಾಹಾರವೇ ಮಾಂಸಾಹಾರವೇ, ಬೆಲೆ ಎಷ್ಟು. ಮೊದಲೇ ಹೇಳಬೇಕಾದರೆ ಎಷ್ಟು ಹೊತ್ತು ಮುಂಚೆ, ಯಾವ ನಂಬರಿಗೆ. ದಾರಿ ಯಾವುದು, ಸಿಗ್ನಲ್ ಎಲ್ಲಿಂದ ಸಿಗುವುದಿಲ್ಲ. ಯುಪಿಐ ನಡೆಯುತ್ತದೆಯೇ, ನಗದು ಬೇಕೇ; ಜಾಲವೇ ಇಲ್ಲದ ಕಡೆ ಇದೂ ದೊಡ್ಡ ಪ್ರಶ್ನೆ. ಇಷ್ಟು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಪುಟದ ತುದಿಯಲ್ಲಿರಲಿ. ಕಾಳಿ ನದಿಯ ಮಂಜು, ಮಂಗಟ್ಟೆ ಹಕ್ಕಿ ಅದರ ಕೆಳಗೆ ಧಾರಾಳವಾಗಿ ಬರಲಿ. ಚೆಲುವನ್ನು ಯಾರೂ ಬೇಡವೆನ್ನುವುದಿಲ್ಲ.

ಜೋಯಿಡಾ ತಾಲ್ಲೂಕಿನ ಉಳವಿಯಲ್ಲಿ ಚೆನ್ನಬಸವಣ್ಣನವರ ಜಾತ್ರೆ ನಡೆಯುವಾಗ ಧಾರವಾಡ, ಬೆಳಗಾವಿಯ ಕಡೆಯಿಂದ ಭಕ್ತರು ಚಕ್ಕಡಿ ಕಟ್ಟಿಕೊಂಡು ಕಾಡು ಹಾದು ಬರುತ್ತಾರೆ. ಅಲ್ಲಿನ ದಾಸೋಹಕ್ಕೆ ಬೆಲೆಪಟ್ಟಿ ಬೇಕಿಲ್ಲ. ಬಂದವರಿಗೆ ಅನ್ನವಿದೆ ಎಂಬುದು ಹೊರಡುವಾಗಲೇ ಎಲ್ಲರಿಗೂ ಗೊತ್ತು. ದುಡ್ಡು ಕೊಟ್ಟು ಉಣ್ಣುವ ಕಡೆಯೂ ಪ್ರಯಾಣಿಕನಿಗೆ ಬೇಕಾದ ಧೈರ್ಯ ಅದೇ. ಹೊರಡುವ ಮೊದಲು ಎರಡು ಪದ ಕಣ್ಣಿಗೆ ಬೀಳಬೇಕು: ಊಟ ತಯಾರಿದೆ.